ತಣ್ಣನೆಯ ತೊರೆಗಳ ಪುನರುಜ್ಜೀವನ

ಒಂದು ತೊರೆಯಲ್ಲಿ ಮೀನು ಕಡಿಮೆಯಾಯಿತೆಂದು ಭಾವಿಸೋಣ. ಏನು ಮಾಡಬೇಕು? ಬೇರೊಂದೆಡೆ ಮರಿಮಾಡಿಸಿ ಬೆಳೆಸಿದ ಮೀನುಗಳನ್ನು ತಂದು ಅದರೊಳಕ್ಕೆ ಬಿಟ್ಟರಾಯಿತು ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಉತ್ತರ. ಕಣಜ ಬರಿದಾದರೆ ಕಾಳನ್ನು ತಂದು ತುಂಬುವಷ್ಟೇ ಸಹಜವಾದ ಉಪಾಯವಿದು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಟ್ರೌಟ್ ಎಂಬ ಮೀನಿನ ವಿಷಯದಲ್ಲಿ ಬಹುಕಾಲ ನಡೆದುದೂ ಹೀಗೆಯೇ. ಸರಕಾರದ ಸಾಕಣಾ ಕೇಂದ್ರಗಳಲ್ಲಿ ಬೆಳೆದ ಮೀನುಗಳನ್ನು ವರ್ಷವರ್ಷವೂ ತೊರೆಗಳಿಗೆ ಬಿಡುವುದು, ಗಾಳ ಹಾಕುವವರು ಅವನ್ನು ಹಿಡಿದೊಯ್ಯುವುದು, ಮರುವರ್ಷ ಮತ್ತೆ ಬಿಡುವುದು. ಆದರೆ ಕಣಜದ ತಳದಲ್ಲಿಯೇ ತೂತು ಬಿದ್ದಿದ್ದರೆ ಮೇಲಿನಿಂದ ಎಷ್ಟು ಸುರಿದರೇನು?

1959ನೆಯ ಇಸವಿಯ ಜುಲೈ ತಿಂಗಳಲ್ಲಿ ಮಿಚಿಗನ್ ಸಂಸ್ಥಾನದ ಗ್ರೇಲಿಂಗ್ ಎಂಬ ಊರಿನ ಸಮೀಪ, ಔ ಸಾಬಲ್ ನದಿಯ ದಂಡೆಯ ಮೇಲಿದ್ದ ಜಾರ್ಜ್ ಗ್ರಿಫಿತ್ ಎಂಬವರ ಮನೆಯಲ್ಲಿ 16 ಮಂದಿ ಹವ್ಯಾಸಿ ಗಾಳಗಾರರು ಸಭೆ ಸೇರಿದರು. ತುಂಬುವುದನ್ನು ಬಿಟ್ಟು ತೂತನ್ನು ಮುಚ್ಚುವ ಮಾರ್ಗವನ್ನು ಹುಡುಕಬೇಕೆಂಬುದು ಅವರ ನಿಶ್ಚಯ. ಅಂದು ಹುಟ್ಟಿದ ‘ಟ್ರೌಟ್ ಅನ್‌ಲಿಮಿಟೆಡ್’ ಎಂಬ ಸಂಘವು ಇಂದು ಆ ದೇಶದಾದ್ಯಂತ ನೂರಾರು ಶಾಖೆಗಳನ್ನು ಹೊಂದಿದೆ. ಅದು ಹುಟ್ಟಿದ ಊರಿನ ಹೆಸರಿನಲ್ಲಿಯೇ ಒಂದು ಎಚ್ಚರಿಕೆಯಿತ್ತು. ಗ್ರೇಲಿಂಗ್ ಎಂಬುದು ಆ ನದಿಯಲ್ಲಿ ಒಂದು ಕಾಲಕ್ಕೆ ಹೇರಳವಾಗಿದ್ದ ಮೀನಿನ ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಡದ ಕಾಡನ್ನು ಕಡಿದು, ದಿಮ್ಮಿಗಳನ್ನು ನದಿಯಲ್ಲಿ ತೇಲಿಬಿಟ್ಟು, ಮೀನುಗಳನ್ನು ಮಿತಿಯಿಲ್ಲದೆ ಹಿಡಿದುದರ ಫಲವಾಗಿ ಅದು ನಶಿಸುತ್ತ ಬಂದಿತು; ಇಪ್ಪತ್ತನೆಯ ಶತಮಾನದ ಪೂರ್ವಾರ್ಧ ಮುಗಿಯುವ ಮುನ್ನವೇ ಆ ಸಂಸ್ಥಾನದಿಂದ ಕಣ್ಮರೆಯಾಯಿತು. ಊರಿಗೆ ಹೆಸರು ಉಳಿಯಿತು, ನದಿಯಲ್ಲಿ ಮೀನು ಉಳಿಯಲಿಲ್ಲ.

ಆ ತೂತು ಯಾವುದು, ವಿಜ್ಞಾನಿಗಳಲ್ಲದ ಸಾಮಾನ್ಯ ನಾಗರಿಕರು ಅದನ್ನು ಹೇಗೆ ಮುಚ್ಚುತ್ತಾರೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ. ಇದು ಮೀನಿನ ವಿಷಯವಾದರೂ ಇದರ ತಿರುಳು ಭೌತವಿಜ್ಞಾನದ್ದು ಎಂಬುದನ್ನು ವಾಚಕರು ಮುಂದೆ ಕಾಣುವರು.

ತಣ್ಣೀರಿನ ಜೀವಿ

ಟ್ರೌಟ್ ಎಂಬುದು ಸಾಲ್ಮನ್ ಮೀನಿನ ವಂಶಕ್ಕೆ ಸೇರಿದ್ದು. ಉತ್ತರ ಅಮೆರಿಕದ ಪೂರ್ವಭಾಗದ ತೊರೆಗಳಲ್ಲಿ ಸಹಜವಾಗಿ ಇರುವುದು ಬ್ರೂಕ್ ಟ್ರೌಟ್. ಬ್ರೌನ್ ಟ್ರೌಟ್ ಯೂರೋಪಿನಿಂದ ಬಂದದ್ದು. 1884ರಲ್ಲಿ ಅದನ್ನು ಮಿಚಿಗನ್ ಸಂಸ್ಥಾನದ ನದಿಯೊಂದಕ್ಕೆ ಬಿಡಲಾಯಿತು. ರೈನ್‌ಬೋ ಟ್ರೌಟಿನ ತವರು ಪೆಸಿಫಿಕ್ ಸಾಗರದ ಕಡೆಗೆ ಹರಿಯುವ ನದಿಗಳು. ಈ ಮೂರನೆಯದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ನೆರೆಯ ನೀಲಗಿರಿಯ ತೊರೆಗಳಿಗೂ ತಂದು ಬಿಟ್ಟರು. ನೀಲಗಿರಿಯ ಎತ್ತರದ ತಣ್ಣೀರಿನಲ್ಲಿ ಅದು ಬೇರೂರಿತು. ಬಯಲುಸೀಮೆಯ ನದಿಗಳಲ್ಲಿ ಅದು ಬದುಕಲಾರದು. ಕಾರಣ, ಉಷ್ಣತೆ.

ನೀರು ಬೆಚ್ಚಗಾದಂತೆಲ್ಲ ಅದರಲ್ಲಿ ಕರಗಿರಬಲ್ಲ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆ. ಸಮುದ್ರಮಟ್ಟದ ವಾಯುಭಾರದಲ್ಲಿ ಒಂದು ಲೀಟರ್ ಸಿಹಿನೀರು 10 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು; 20 ಡಿಗ್ರಿಯಲ್ಲಿ 9.1 ಮಿಲಿಗ್ರಾಂ, 25 ಡಿಗ್ರಿಯಲ್ಲಿ 8.3 ಮಿಲಿಗ್ರಾಂ ಮಾತ್ರ. ಇತ್ತ ಮೀನು ಶೀತರಕ್ತದ ಪ್ರಾಣಿ. ಅದರ ಮೈಯ ಉಷ್ಣತೆ ನೀರಿನ ಉಷ್ಣತೆಯನ್ನೇ ಅನುಸರಿಸುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅದರ ದೇಹದ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ, ಅದಕ್ಕೆ ಬೇಕಾದ ಆಮ್ಲಜನಕವೂ ಹೆಚ್ಚುತ್ತದೆ. ಆದಾಯ ಇಳಿಯುತ್ತಿರುವಾಗಲೇ ಖರ್ಚು ಏರುವ ಸಂಸಾರದ ಸ್ಥಿತಿ ಆಗ ಮೀನಿನದು. ಬ್ರೂಕ್ ಟ್ರೌಟಿಗೆ 10ರಿಂದ 16 ಡಿಗ್ರಿಯ ನೀರು ಹಿತಕರ. 20 ಡಿಗ್ರಿ ದಾಟಿತೆಂದರೆ ಅದು ಬಳಲುತ್ತದೆ. 25 ಡಿಗ್ರಿಯ ಸುಮಾರಿಗೆ ಅದರ ಪ್ರಾಣಕ್ಕೇ ಸಂಚಕಾರ. ಬದುಕಿಗೂ ಸಾವಿಗೂ ನಡುವೆ ಇರುವ ಅಂತರ ಕೆಲವೇ ಡಿಗ್ರಿಗಳು.

ಒಂದು ಸರಳ ಲೆಕ್ಕ

ಈ ಕೆಲವು ಡಿಗ್ರಿಗಳು ಎಲ್ಲಿಂದ ಬರುತ್ತವೆ? ಕಾಗದ ಪೆನ್ಸಿಲು ಹಿಡಿದು ಲೆಕ್ಕ ಮಾಡಿ ನೋಡಬಹುದು. ಬುಗ್ಗೆಯೊಂದರಿಂದ 10 ಡಿಗ್ರಿ ಉಷ್ಣತೆಯ ನೀರು ಸೆಕೆಂಡಿಗೆ ಅರ್ಧ ಘನ ಮೀಟರ್, ಎಂದರೆ 500 ಕಿಲೋಗ್ರಾಂ, ಹರಿದು ಬರುತ್ತಿದೆ ಎಂದಿಟ್ಟುಕೊಳ್ಳಿ. ಬೇಸಗೆಯ ನಡುಹಗಲು ಒಂದು ಚದರ ಮೀಟರ್ ನೀರಿನ ಮೇಲೆ ಸೆಕೆಂಡಿಗೆ 800 ಜೂಲ್ ಸೌರಶಕ್ತಿ ಬೀಳುತ್ತದೆಂದೂ ಅದೆಲ್ಲವನ್ನೂ ನೀರು ಹೀರುತ್ತದೆಂದೂ ಭಾವಿಸೋಣ. ತೊರೆಯ ಅಗಲ 10 ಮೀಟರ್ ಆದರೆ, ಒಂದು ಕಿಲೋಮೀಟರ್ ಉದ್ದಕ್ಕೆ ಅದರ ಮೇಲ್ಮೈ 10,000 ಚದರ ಮೀಟರ್. ಅದು ಸೆಕೆಂಡಿಗೆ ಪಡೆಯುವ ಶಕ್ತಿ 80 ಲಕ್ಷ ಜೂಲ್. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4,200 ಜೂಲ್ ಬೇಕು. 500 ಕಿಲೋಗ್ರಾಮಿಗೆ 21 ಲಕ್ಷ ಜೂಲ್. ಎಂಬತ್ತನ್ನು ಇಪ್ಪತ್ತೊಂದರಿಂದ ಭಾಗಿಸಿದರೆ, ಒಂದು ಕಿಲೋಮೀಟರ್ ಹರಿಯುವಷ್ಟರಲ್ಲಿ ನೀರಿನ ಉಷ್ಣತೆ 3.8 ಡಿಗ್ರಿ ಏರುತ್ತದೆಂದು ತಿಳಿಯುತ್ತದೆ.

ಅಷ್ಟೇ ನೀರು 4 ಮೀಟರ್ ಅಗಲದ ಪಾತ್ರದಲ್ಲಿ ಹರಿದರೆ? ಏರಿಕೆ 1.5 ಡಿಗ್ರಿ. ಅದರ ಮೇಲೆ ಬೀಳುವ ಬಿಸಿಲಿನ ಅರ್ಧಭಾಗವನ್ನು ದಡದ ಗಿಡಮರಗಳು ತಡೆದರೆ ಮುಕ್ಕಾಲು ಡಿಗ್ರಿ. ಹೀಗೆ 3 ಕಿಲೋಮೀಟರ್ ಹರಿದ ಮೇಲೆ ಅಗಲವಾದ, ನೆರಳಿಲ್ಲದ ತೊರೆಯಲ್ಲಿ ನೀರು 21 ಡಿಗ್ರಿಯನ್ನು ಮೀರುತ್ತದೆ. ಕಿರಿದಾದ, ನೆರಳಿರುವ ತೊರೆಯಲ್ಲಿ ಅದು ಇನ್ನೂ 12 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ವಾಸ್ತವದಲ್ಲಿ ಬಿಸಿಲಿನ ಒಂದು ಪಾಲು ಪ್ರತಿಫಲನಗೊಳ್ಳುತ್ತದೆ, ಒಂದು ಪಾಲು ಆವಿಯೊಡನೆ ಹೋಗುತ್ತದೆ. ಆದ್ದರಿಂದ ನಮ್ಮ ಅಂಕಿಗಳು ಗರಿಷ್ಠ ಮಿತಿಗಳು. ಆದರೆ ಮುಖ್ಯವಾದ ಮಾತು ಬದಲಾಗದು. ಬುಗ್ಗೆ ಅದೇ, ನೀರಿನ ಮೊತ್ತವೂ ಅದೇ. ದಡಗಳ ನಡುವಣ ಅಂತರವೇ ಒಂದನ್ನು ಟ್ರೌಟಿನ ಮನೆಯನ್ನಾಗಿಯೂ ಇನ್ನೊಂದನ್ನು ಅದರ ಮಸಣವನ್ನಾಗಿಯೂ ಮಾಡುತ್ತದೆ. ಕಣಜದ ತೂತು ಇಲ್ಲಿದೆ.

ಕೂನ್ ಕಣಿವೆಯ ಪಾಠ

ತೊರೆ ಅಗಲವಾಗುವುದಾದರೂ ಏಕೆ? ಇದಕ್ಕೆ ಉತ್ತರ ಗುಡ್ಡದ ಮೇಲಿದೆ. ವಿಸ್ಕಾನ್ಸಿನ್ ಸಂಸ್ಥಾನದ ನೈಋತ್ಯಭಾಗವನ್ನೂ ಅದಕ್ಕೆ ಅಂಟಿಕೊಂಡಿರುವ ಮಿನ್ನೆಸೋಟ, ಅಯೋವ, ಇಲಿನಾಯ್ ಸಂಸ್ಥಾನಗಳ ಕೆಲವು ಭಾಗಗಳನ್ನೂ ಒಳಗೊಂಡ ಒಂದು ಪ್ರದೇಶಕ್ಕೆ ‘ಡ್ರಿಫ್ಟ್‌ಲೆಸ್’ ಸೀಮೆ ಎಂದು ಹೆಸರು. ಕೊನೆಯ ಹಿಮಯುಗದಲ್ಲಿ ಸುತ್ತಣ ಭೂಮಿಯನ್ನೆಲ್ಲ ಸವೆಸಿ ಸಮತಟ್ಟು ಮಾಡಿದ ಹಿಮದ ಹಾಸು ಈ ಸೀಮೆಯನ್ನು ಮುಟ್ಟಲಿಲ್ಲ. ಆದ್ದರಿಂದ ಇಲ್ಲಿ ಕಡಿದಾದ ಗುಡ್ಡಗಳೂ ಆಳವಾದ ಕಣಿವೆಗಳೂ ಉಳಿದವು. ಸುಣ್ಣಕಲ್ಲು ಮತ್ತು ಮರಳುಗಲ್ಲಿನ ಪದರಗಳಲ್ಲಿ ಇಳಿದ ಮಳೆನೀರು ಕಣಿವೆಯ ಬುಡದಲ್ಲಿ ಬುಗ್ಗೆಗಳಾಗಿ ಹೊಮ್ಮುತ್ತದೆ. ಈ ಬುಗ್ಗೆಗಳ ಉಷ್ಣತೆ ಬೇಸಗೆ ಚಳಿಗಾಲಗಳೆರಡರಲ್ಲಿಯೂ 8ರಿಂದ 10 ಡಿಗ್ರಿಯ ಸುಮಾರಿಗೆ ಸ್ಥಿರವಾಗಿರುತ್ತದೆ. ಟ್ರೌಟಿಗೆ ಇದಕ್ಕಿಂತ ಒಳ್ಳೆಯ ನೆಲೆ ಬೇಕೆ?

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ವಲಸೆಗಾರರು ಇಲ್ಲಿಯ ಇಳಿಜಾರುಗಳನ್ನು ಉತ್ತು ಗೋದಿ ಬೆಳೆದರು. ಕಡಿದಾದ ಗುಡ್ಡಗಳ ಮೇಲೆ ದನ ಮೇಯಿಸಿದರು. ನೆಲ ಗಟ್ಟಿಯಾಗಿ, ಮಳೆನೀರು ಇಂಗದೆ ಕೊರಕಲುಗಳಲ್ಲಿ ಧುಮ್ಮಿಕ್ಕಿತು. ಗುಡ್ಡದ ಮಣ್ಣು ಕಣಿವೆಗೆ ಇಳಿದು, ಕೆಲವೆಡೆ ಆಳೆತ್ತರಕ್ಕೂ ಮೀರಿ ಕೂತಿತು. ತೊರೆಗಳು ಈ ಸಡಿಲ ಮಣ್ಣನ್ನು ಕೊರೆಯುತ್ತ, ದಡಗಳನ್ನು ಕೆಡವುತ್ತ, ಅಗಲವಾಗಿ ತೆಳ್ಳಗೆ ಹರಿಯತೊಡಗಿದವು. ಇಂಗುವ ನೀರು ಕಡಿಮೆಯಾದುದರಿಂದ ಬುಗ್ಗೆಗಳೂ ಸೊರಗಿದವು.

1933ರಲ್ಲಿ ಹ್ಯೂ ಬೆನೆಟ್ ಎಂಬವರ ನಾಯಕತ್ವದಲ್ಲಿದ್ದ ಸರಕಾರದ ಮಣ್ಣಿನ ಸವಕಳಿ ನಿವಾರಣಾ ಇಲಾಖೆಯು, ಇಡೀ ಜಲಾನಯನ ಪ್ರದೇಶವನ್ನೇ ಒಂದು ಘಟಕವಾಗಿ ಪರಿಗಣಿಸಿ ದುರಸ್ತಿ ಮಾಡುವ ತನ್ನ ಮೊದಲ ಪ್ರಯೋಗಕ್ಕೆ ಇದೇ ಸೀಮೆಯ ಕೂನ್ ಕಣಿವೆಯನ್ನು ಆರಿಸಿಕೊಂಡಿತು. ಯಾವ ರೈತನ ಮೇಲೂ ಬಲವಂತವಿರಲಿಲ್ಲ. ಒಪ್ಪಿದ ರೈತರು ಇಳಿಜಾರಿಗೆ ಅಡ್ಡಲಾಗಿ, ಜೋಳದ ಪಟ್ಟಿಯ ಪಕ್ಕದಲ್ಲಿ ಹುಲ್ಲಿನ ಪಟ್ಟಿ ಬರುವಂತೆ ಬೇಸಾಯ ಮಾಡಿದರು. ಕಡಿದಾದ ಭಾಗಗಳಿಂದ ದನಗಳನ್ನು ಹೊರಗಿಟ್ಟರು. ಬೇಲಿ ಹಾಕಿ ಗಿಡ ನೆಟ್ಟವರು ನಿರುದ್ಯೋಗ ಪರಿಹಾರ ಪಡೆಯ ತರುಣರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಆಲ್ಡೊ ಲಿಯೊಪೋಲ್ಡ್ 1935ರಲ್ಲಿ ಈ ಸಹಕಾರವನ್ನು ಕುರಿತು ಲೇಖನವನ್ನೇ ಬರೆದರು. ಮುಂದಿನ ದಶಕಗಳಲ್ಲಿ ನಡೆದ ಅಳತೆಗಳು ಈ ಪ್ರಯತ್ನ ವ್ಯರ್ಥವಾಗಲಿಲ್ಲವೆಂದು ತೋರಿಸಿವೆ: ಮಣ್ಣಿನ ಸವಕಳಿ ಬಹಳವಾಗಿ ತಗ್ಗಿತು, ಸೀಮೆಯ ಹಲವು ತೊರೆಗಳಲ್ಲಿ ಮಳೆಯಿಲ್ಲದ ದಿನಗಳ ಹರಿವು, ಎಂದರೆ ಬುಗ್ಗೆಗಳ ನೀರು, ಹೆಚ್ಚಿತು.

ತೊರೆಯ ದಡದಲ್ಲಿ ಸ್ವಯಂಸೇವಕರು

ಗುಡ್ಡ ಗುಣವಾದರೂ ತೊರೆಯ ಪಾತ್ರ ತಾನಾಗಿ ಸರಿಯಾಗುವುದಕ್ಕೆ ತಲೆಮಾರುಗಳು ಬೇಕು. ಸ್ವಯಂಸೇವಕರ ಕೆಲಸ ಇಲ್ಲಿ ಆರಂಭವಾಗುತ್ತದೆ. ಈ ತೊರೆಗಳಲ್ಲಿ ಹೆಚ್ಚಿನವು ಖಾಸಗಿ ಹೊಲಗಳ ನಡುವೆ ಹರಿಯುವುದರಿಂದ, ಮೊದಲ ಕೆಲಸ ರೈತನ ಒಪ್ಪಿಗೆ ಪಡೆಯುವುದು. ಚಳಿಗಾಲದಲ್ಲಿ ದಡವನ್ನು ಕೆಡಿಸುವ ಮರಗಳನ್ನು ಕಡಿದು ಪೊದೆಗಳನ್ನು ಸವರುತ್ತಾರೆ. ಅನಂತರ ಯಂತ್ರಗಳು ಬಂದು, ಗೋಡೆಯಂತೆ ಕಡಿದಾಗಿ ನಿಂತಿರುವ ಮಣ್ಣಿನ ದಡವನ್ನು ಕೆತ್ತಿ ಇಳಿಜಾರು ಮಾಡುತ್ತವೆ. ಹೀಗೆ ಮಾಡಿದರೆ ಪ್ರವಾಹದ ನೀರು ಪಾತ್ರದೊಳಗೇ ರಭಸವಾಗಿ ನುಗ್ಗುವ ಬದಲು ಪಕ್ಕದ ಹುಲ್ಲುಗಾವಲಿನ ಮೇಲೆ ಹರಡಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕಲ್ಲು ಜೋಡಿಸುವುದು, ಬೀಜ ಬಿತ್ತುವುದು, ಅದರ ಮೇಲೆ ಒಣಹುಲ್ಲು ಹೊದಿಸುವುದು, ದನಗಳಿಗೆ ಬೇಲಿ ಕಟ್ಟುವುದು ಕೈಕೆಲಸ. ವಾರದ ಕೊನೆಯಲ್ಲಿ ಬರುವ ಅಧ್ಯಾಪಕರು, ಕಾರ್ಮಿಕರು, ನಿವೃತ್ತರು, ಶಾಲೆಯ ಹುಡುಗ ಹುಡುಗಿಯರು ಇದನ್ನು ಮಾಡುತ್ತಾರೆ. ಯಂತ್ರಗಳ ವೆಚ್ಚಕ್ಕೆ ಸಂಘಗಳು ಚಂದಾ ಎತ್ತುತ್ತವೆ. ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಟ್ರೌಟ್ ಹಿಡಿಯುವವರು ಕೊಳ್ಳಬೇಕಾದ ವಿಶೇಷ ಮುದ್ರೆಯೊಂದು 1978ರಲ್ಲಿ ಜಾರಿಗೆ ಬಂದಿತು. ಅದರ ಹಣ ತೊರೆಗಳ ಸುಧಾರಣೆಗೆ ಮೀಸಲು.

ಪಾತ್ರವನ್ನು ಕಿರಿದುಮಾಡಿದರೆ ಇನ್ನೊಂದು ಲಾಭವುಂಟು. ಅಗಲ, ಆಳ, ವೇಗ ಈ ಮೂರರ ಗುಣಲಬ್ಧವೇ ಸೆಕೆಂಡಿಗೆ ಹರಿಯುವ ನೀರು. ನೀರಿನ ಮೊತ್ತ ಬದಲಾಗದೆ ಅಗಲ ಕುಗ್ಗಿದರೆ ಆಳವೂ ವೇಗವೂ ಹೆಚ್ಚಲೇಬೇಕು. ಹರಿಯುವ ನೀರು ಉರುಳಿಸಬಲ್ಲ ಕಲ್ಲಿನ ತೂಕವು ವೇಗದ ಆರನೆಯ ಘಾತಕ್ಕೆ ಅನುಗುಣವಾಗಿರುತ್ತದೆಂಬುದು ಹಳೆಯದೊಂದು ಸ್ಥೂಲ ನಿಯಮ: ವೇಗ ಇಮ್ಮಡಿಯಾದರೆ ತೂಕ 64 ಮಡಿ. ಆದ್ದರಿಂದ ವೇಗ ಸ್ವಲ್ಪವೇ ಹೆಚ್ಚಿದರೂ ತಳದಲ್ಲಿ ಕೂತ ಹೂಳು ಎದ್ದುಹೋಗಿ ಜಲ್ಲಿಕಲ್ಲು ಹೊರಬೀಳುತ್ತದೆ. ಬ್ರೂಕ್ ಮತ್ತು ಬ್ರೌನ್ ಟ್ರೌಟಿನ ಹೆಣ್ಣುಗಳು ಶರತ್ಕಾಲದಲ್ಲಿ ಬಾಲದಿಂದ ಈ ಜಲ್ಲಿಯನ್ನು ಕೆದಕಿ ಗುಂಡಿ ಮಾಡಿ ಮೊಟ್ಟೆಯಿಟ್ಟು ಮುಚ್ಚುತ್ತವೆ. ಕಲ್ಲುಗಳ ಸಂದುಗಳಲ್ಲಿ ನುಸುಳುವ ನೀರು ಚಳಿಗಾಲವಿಡೀ ಮೊಟ್ಟೆಗಳಿಗೆ ಆಮ್ಲಜನಕವನ್ನು ಒದಗಿಸಬೇಕು. ಸಂದುಗಳಲ್ಲಿ ಹೂಳು ತುಂಬಿದರೆ ಮೊಟ್ಟೆಗಳು ಉಸಿರುಕಟ್ಟಿ ಸಾಯುತ್ತವೆ. ಮೀನಿಗೆ ಆಹಾರವಾದ ಮೇಫ್ಲೈ ಮುಂತಾದ ಕೀಟಗಳ ಮರಿಗಳು ಬೆಳೆಯುವುದೂ ಈ ಸಂದುಗಳಲ್ಲಿಯೇ.

ದೊಡ್ಡ ಮೀನಿಗೆ ಅಡಗುತಾಣ ಬೇಕು. ವೇಗದ ಹರಿವಿನಲ್ಲಿ ನಿಂತು ಈಜುವುದು ದುಬಾರಿ. ನೀರಿನ ಎಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ಅನುಭವಿಯಾದ ಟ್ರೌಟ್ ಕಲ್ಲಿನ ಹಿಂಬದಿಯ ನಿಧಾನದ ನೀರಿನಲ್ಲಿ ನಿಂತು, ಪಕ್ಕದ ವೇಗದ ನೀರು ಹೊತ್ತುತರುವ ಕೀಟಗಳನ್ನು ಹಾರಿ ಹಿಡಿಯುತ್ತದೆ. ಇಂಥ ತಾಣಗಳಿಗಾಗಿ ವಿಸ್ಕಾನ್ಸಿನ್ನಿನಲ್ಲಿ ‘ಲಂಕರ್’ ಎಂಬ ರಚನೆಯನ್ನು ರೂಪಿಸಿದ್ದಾರೆ. ಇದು ಹಲಗೆಗಳಿಂದ ಮಾಡಿದ, ನೀರಿನ ಕಡೆಗೆ ತೆರೆದಿರುವ ಮರದ ಗೂಡು. ಅದನ್ನು ದಡದ ಬುಡದಲ್ಲಿ ನೀರಿನೊಳಗೆ ಕಬ್ಬಿಣದ ಸರಳುಗಳಿಂದ ಬಿಗಿದು, ಮೇಲೆ ಕಲ್ಲು ಮಣ್ಣು ಹಾಕಿ ಹುಲ್ಲು ಬೆಳೆಸುತ್ತಾರೆ. ಎರಡು ವರ್ಷ ಕಳೆದ ಮೇಲೆ ನೋಡುವವನಿಗೆ ಕಾಣುವುದು ಹಸುರು ದಡವೊಂದೇ.

ಅಳೆಯದೆ ನಂಬಬಾರದು

ಇಷ್ಟೆಲ್ಲ ಮಾಡಿದ ಮಾತ್ರಕ್ಕೆ ಮೀನು ಹೆಚ್ಚಿತೆಂದು ಹೇಗೆ ಹೇಳುವುದು? ಸದುದ್ದೇಶವು ಪ್ರಮಾಣವಾಗಲಾರದು. ವಿಸ್ಕಾನ್ಸಿನ್ನಿನ ಲಾರೆನ್ಸ್ ತೊರೆಯಲ್ಲಿ 1964ರಲ್ಲಿ ಪಾತ್ರವನ್ನು ಕಿರಿದುಮಾಡಿ ದಡದ ಆಸರೆಗಳನ್ನು ಕಟ್ಟಿದ ಮೇಲೆ, ರಾಬರ್ಟ್ ಹಂಟ್ ಎಂಬ ಜೀವವಿಜ್ಞಾನಿ ಅಲ್ಲಿಯ ಬ್ರೂಕ್ ಟ್ರೌಟುಗಳನ್ನು ವರ್ಷವರ್ಷವೂ ಎಣಿಸಿ ತೂಗಿದರು. ಮೀನುಗಳು ಹೆಚ್ಚಿದವು. ಆದರೆ ಅತಿ ಹೆಚ್ಚಿನ ಫಲ ಕಂಡುದು ಮೊದಲ ಮೂರು ವರ್ಷಗಳಲ್ಲಿ ಅಲ್ಲ, ಆ ಬಳಿಕದ ಮೂರು ವರ್ಷಗಳಲ್ಲಿ. ಮೂರೇ ವರ್ಷಕ್ಕೆ ಎಣಿಕೆಯನ್ನು ನಿಲ್ಲಿಸಿದ್ದರೆ ಪ್ರಯೋಗದ ನಿಜವಾದ ಬೆಲೆ ತಿಳಿಯುತ್ತಲೇ ಇರಲಿಲ್ಲ.

ಇನ್ನೂ ವಿಸ್ಮಯಕರವಾದ ಫಲ ಮೊಂಟಾನ ಸಂಸ್ಥಾನದಲ್ಲಿ ಕಂಡುಬಂದಿತು. 1960ರ ದಶಕದ ಉತ್ತರಾರ್ಧದಲ್ಲಿ ಡಿಕ್ ವಿನ್ಸೆಂಟ್ ಎಂಬ ಜೀವವಿಜ್ಞಾನಿ ಮ್ಯಾಡಿಸನ್ ನದಿ ಮತ್ತು ಓಡೆಲ್ ತೊರೆಗಳಲ್ಲಿ ಸಾಕಿದ ಮೀನುಗಳನ್ನು ಬಿಡುವುದರ ಪರಿಣಾಮವನ್ನು ಅಳೆಯಲು ಆರಂಭಿಸಿದರು. ಬಿಡುವುದನ್ನು ನಿಲ್ಲಿಸಿದ ಕಡೆ ಕಾಡುಮೀನುಗಳು ಹೆಚ್ಚಿದವು. ಹೊಸದಾಗಿ ಬಿಟ್ಟ ಕಡೆ ಕಡಿಮೆಯಾದವು! ನೆಲೆಯೂರಿದ ಮೀನುಗಳ ನಡುವೆ ತಾಣಗಳ ಹಂಚಿಕೆಯ ಒಂದು ವ್ಯವಸ್ಥೆ ಇರುತ್ತದೆ. ಹೊರಗಿನ ಗುಂಪು ಬಂದು ನುಗ್ಗಿದಾಗ ಅದು ಕೆಡುತ್ತದೆ. ಈ ಅಳತೆಗಳ ಆಧಾರದ ಮೇಲೆ ಮೊಂಟಾನ ಸಂಸ್ಥಾನವು 1974ರಲ್ಲಿ, ಕಾಡು ಟ್ರೌಟ್ ಬದುಕಬಲ್ಲ ನದಿಗಳಿಗೆ ಸಾಕಿದ ಮೀನು ಬಿಡುವುದನ್ನು ಕೈಬಿಟ್ಟಿತು. ಔ ಸಾಬಲ್ ದಂಡೆಯಲ್ಲಿ ಸೇರಿದ್ದ 16 ಮಂದಿಯ ತರ್ಕಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿರಲಿಲ್ಲ.

ಈಗ ಅಳೆಯುವ ಕೆಲಸದಲ್ಲಿ ಸ್ವಯಂಸೇವಕರೂ ಪಾಲುಗೊಳ್ಳುತ್ತಾರೆ. ಬೆರಳುದ್ದದ ವಿದ್ಯುನ್ಮಾನ ಉಷ್ಣತಾಮಾಪಕಗಳನ್ನು ಮೊದಲು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ಸೊನ್ನೆ ತೋರಿಸುತ್ತವೆಯೇ ಎಂದು ಪರೀಕ್ಷಿಸಿ, ತೊರೆಯಲ್ಲಿ ಬಿಸಿಲು ತಾಗದಂತೆ ಕಲ್ಲಿನ ಮರೆಯಲ್ಲಿ ಕಟ್ಟುತ್ತಾರೆ. ಅವು ಬೇಸಗೆಯಿಡೀ ಗಂಟೆಗಂಟೆಗೂ ಉಷ್ಣತೆಯನ್ನು ದಾಖಲಿಸುತ್ತವೆ. ಕಾದ ಡಾಂಬರು ರಸ್ತೆಗಳ ಮೇಲೆ ಬಿದ್ದ ಮಳೆ ಚರಂಡಿಯ ಮೂಲಕ ತೊರೆಗೆ ಬಂದಾಗ ಉಷ್ಣತೆ ಥಟ್ಟನೆ ಏರುವುದು ಇಂಥ ದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮಿತಿಗಳು

ಸ್ವಯಂಸೇವಕರ ಶ್ರಮಕ್ಕೆ ಮಿತಿಯಿಲ್ಲವೆಂದು ಹೇಳಲಾಗದು. ದಡದಲ್ಲಿ ಹುಲ್ಲು ಉತ್ತಮವೋ ಮರ ಉತ್ತಮವೋ ಎಂಬುದರಲ್ಲಿಯೇ ಭಿನ್ನಾಭಿಪ್ರಾಯವಿದೆ: ಮರ ನೆರಳು ಕೊಡುತ್ತದೆ, ಆದರೆ ಸಣ್ಣ ತೊರೆಗಳಲ್ಲಿ ದಡವನ್ನು ಒತ್ತಾಗಿ ಹಿಡಿದು ಪಾತ್ರವನ್ನು ಕಿರಿದಾಗಿ ಉಳಿಸುವುದು ಹುಲ್ಲಿನ ಬೇರು. ಇದಕ್ಕಿಂತ ಗುರುತರವಾದುದು ವಾಯುಗುಣದ ಬದಲಾವಣೆ. ಬುಗ್ಗೆಯ ಉಷ್ಣತೆಯು ಆ ಸ್ಥಳದ ಗಾಳಿಯ ವಾರ್ಷಿಕ ಸರಾಸರಿ ಉಷ್ಣತೆಗೆ ಹತ್ತಿರವಾಗಿರುತ್ತದೆ. ಗಾಳಿ ಬೆಚ್ಚಗಾದರೆ ಕಾಲಕ್ರಮದಲ್ಲಿ ಬುಗ್ಗೆಯೂ ಬೆಚ್ಚಗಾಗಲೇಬೇಕು. ಮಳೆಯ ರಭಸವೂ ಹೆಚ್ಚುತ್ತಿದೆ. 2018ರ ಆಗಸ್ಟ್ ಕೊನೆಯ ವಾರದ ಮಹಾವೃಷ್ಟಿಯಲ್ಲಿ ಕೂನ್ ತೊರೆ ಮತ್ತು ಅದರ ನೆರೆಯ ಜಲಾನಯನಗಳಲ್ಲಿ ಪ್ರವಾಹವನ್ನು ತಡೆಯಲೆಂದು ಕಟ್ಟಿದ್ದ ಐದು ಅಣೆಗಳು ಒಡೆದುಹೋದವು. ಆ ಬಳಿಕ ಅಲ್ಲಿಯ ರೈತರೂ ನೆರೆಹೊರೆಯವರೂ ಕೂಡಿ ಮತ್ತೆ ಒಂದು ಜಲಾನಯನ ಸಮಿತಿಯನ್ನು ರಚಿಸಿಕೊಂಡರು. 1933ರ ಪಾಠವನ್ನು ಮೊಮ್ಮಕ್ಕಳ ಕಾಲದಲ್ಲಿ ಇನ್ನೊಮ್ಮೆ ಓದಬೇಕಾಯಿತು. ದಡದಲ್ಲಿ ಉಳಿಸಿದ ಎರಡು ಡಿಗ್ರಿಗಳು ಭೂಮಿಯ ಬಿಸಿಯನ್ನು ತಡೆಯಲಾರವು, ದಿಟ. ಆದರೆ 18 ಡಿಗ್ರಿಗೂ 20 ಡಿಗ್ರಿಗೂ ನಡುವೆ ತೂಗುತ್ತಿರುವ ತೊರೆಯೊಂದಕ್ಕೆ ಆ ಎರಡು ಡಿಗ್ರಿಗಳೇ ಸರ್ವಸ್ವ.

ಮೀನನ್ನು ತಂದು ಬಿಟ್ಟರೆ ಸಾಕೆಂಬ ಭಾವನೆ ಅಮೆರಿಕಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ನಮ್ಮ ಕಾವೇರಿಯಲ್ಲಿ ಗೂನುಬೆನ್ನಿನ ಮಹಶೀರ್ ಎಂಬ ಭಾರಿ ಮೀನುಂಟು. ಆ ನದಿಯ ಜಲಾನಯನವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಅದರ ನೆಲೆಯಿಲ್ಲ. ಮಹಶೀರಿನ ಸಂಖ್ಯೆಯನ್ನು ಹೆಚ್ಚಿಸುವ ಒಳ್ಳೆಯ ಉದ್ದೇಶದಿಂದಲೇ ಲೋಣಾವಳಾದ ಸಾಕಣಾ ಕೇಂದ್ರದ ಬೇರೊಂದು ಜಾತಿಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಮನೆಯ ಮೀನು ಕಡಿಮೆಯಾಗಲು ಇದೂ ಒಂದು ಕಾರಣವೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಸಾಮಾನ್ಯವಾದ ಉಷ್ಣತಾಮಾಪಕವೊಂದು ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ದೊರೆಯುತ್ತದೆ. ಅಧ್ಯಾಪಕರ ಅನುಮತಿ ಪಡೆದು, ನಿಮ್ಮೂರಿನ ಹಳ್ಳದ ನೀರನ್ನು ಮರಗಳ ನೆರಳಿರುವಲ್ಲಿ ಒಮ್ಮೆ, ಬಯಲಿಗೆ ಬಂದು ಹರಡಿಕೊಂಡಿರುವಲ್ಲಿ ಇನ್ನೊಮ್ಮೆ, ಮಧ್ಯಾಹ್ನದ ಒಂದೇ ಹೊತ್ತಿನಲ್ಲಿ ಅಳೆದು ನೋಡಿ. ಎರಡು ಅಂಕಿಗಳನ್ನೂ ದಿನಾಂಕದೊಡನೆ ಬರೆದಿಡಿ. ಮುಂದಿನ ತಿಂಗಳು ಅದೇ ಸ್ಥಳದಲ್ಲಿ ಮತ್ತೆ ಅಳೆಯಿರಿ. ಆ ವ್ಯತ್ಯಾಸಕ್ಕೆ ಕಾರಣವನ್ನು ಹುಡುಕಲು ಹೊರಟಾಗ ನೀವು ಮೊದಲು ಕಣ್ಣೆತ್ತಿ ನೋಡಬೇಕಾದುದು ದಡವನ್ನು, ಆಮೇಲೆ ಗುಡ್ಡವನ್ನು.